ಇಸ್ತ್ರಿ ಬೋರ್ಡ್ ಕೊಳ್ಳುವ ಮುಂಚೆ ಮನೆಯಲ್ಲೇ ಟೇಪ್ ಹಿಡಿಯಿರಿ

ಮಂಚದ ಮೇಲೆ ಹಳೇ ಕಂಬಳಿ, ಅದರ ಮೇಲೆ ಎರಡು ಮಡಿಕೆ ಮಾಡಿದ ಬಿಳಿ ಪಂಚೆ. ನಮ್ಮಲ್ಲಿ ಎಷ್ಟೋ ಮನೆಗಳ ಇಸ್ತ್ರಿ ಮೇಜು ಇದೇ, ಅಲ್ವಾ? ನನ್ನ ತವರಲ್ಲೂ ಹಾಗೇ ಇತ್ತು. ಭಾನುವಾರ ಸಂಜೆ ಅಮ್ಮ ಐದು ಜನರ ವಾರದ ಬಟ್ಟೆ ಮುಗಿಸಿ ಏಳುವಾಗ ಒಂದು ಕೈ ಸೊಂಟದ ಮೇಲೇ ಇರುತ್ತಿತ್ತು. ಮದುವೆಯಾದ ಮೇಲೆ ನಾನೂ ಅದನ್ನೇ ಮುಂದುವರಿಸಿದೆ. ಮಂಚದ ಎತ್ತರ ಮೊಣಕಾಲಿನಷ್ಟು. ಅದರ ಮೇಲೆ ಅರ್ಧ ಗಂಟೆ ಬಗ್ಗಿ ನಿಂತರೆ ಬೆನ್ನು ಏನು ಹೇಳುತ್ತದೆ ಅಂತ ಗೊತ್ತಿದ್ದವರಿಗೆ ನಾನು ವಿವರಿಸಬೇಕಾಗಿಲ್ಲ.

ಆಮೇಲೆ ಒಂದು ಬೋರ್ಡ್ ತರಿಸಿದೆ. ಫೋಟೋ ನೋಡಿ, ಹೂವಿನ ಕವರ್ ನೋಡಿ, ಬೆಲೆ ನೋಡಿ. ನೋಡಬೇಕಾದ್ದನ್ನು ಬಿಟ್ಟು ಬೇರೆ ಎಲ್ಲ ನೋಡಿದ್ದೆ. ತೋಳು ಇಸ್ತ್ರಿ ಮಾಡುವಾಗ ಬೋರ್ಡ್ ತೂಗುತ್ತಿತ್ತು. ಮೊದಲ ವಾರವೇ ಮನೆಯವರ ಕಪ್ಪು ಪ್ಯಾಂಟಿನ ತೊಡೆ ಮೇಲೆ ಸಣ್ಣ ಸಣ್ಣ ಡೈಮಂಡ್ ಆಕಾರದ ಹೊಳಪಿನ ಗುರುತುಗಳು ಎದ್ದವು. ಕವರಿನ ಕೆಳಗಿದ್ದ ಕಬ್ಬಿಣದ ಜಾಲರಿಯ ಅಚ್ಚು ಅದು. ಎರಡನೇ ಸಲ ಕೊಳ್ಳುವಾಗ ಮನೆಯಲ್ಲಿ ಅಳತೆ ಮಾಡಿ, ಆಮೇಲೆ ಅಂಗಡಿಗೆ ಹೋದೆ. ಆ ಬೋರ್ಡ್ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಈ ಲೇಖನವೂ ಅದೇ ಕ್ರಮದಲ್ಲಿದೆ. ಅರ್ಧ ಕೆಲಸ ಮನೆಯಲ್ಲಿ, ಅರ್ಧ ಅಂಗಡಿಯಲ್ಲಿ.

ಹೆಜ್ಜೆ 1: ಒಂದು ವಾರದ ಬಟ್ಟೆ ನೋಡಿ

ನಿಮ್ಮ ಮನೆಯಲ್ಲಿ ನಿಜವಾಗಿ ಇಸ್ತ್ರಿ ಆಗುವುದು ಏನು? ಒಂದು ವಾರ ಗಮನಿಸಿ. ಆಫೀಸಿನ ಶರ್ಟು-ಪ್ಯಾಂಟು ಜಾಸ್ತಿಯೋ, ಕಾಟನ್ ಸೀರೆ ಜಾಸ್ತಿಯೋ, ಮಕ್ಕಳ ಯೂನಿಫಾರ್ಮೋ? ಬೋರ್ಡಿನ ಅಗಲವನ್ನು ಇದೇ ತೀರ್ಮಾನ ಮಾಡುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ನಿಲ್ಲಿಸುವ ಬೋರ್ಡುಗಳ ಹಲಗೆ ಸಾಮಾನ್ಯವಾಗಿ 110ರಿಂದ 135 ಸೆಂ.ಮೀ. ಉದ್ದ, 30ರಿಂದ 45 ಸೆಂ.ಮೀ. ಅಗಲ ಇರುತ್ತದೆ. ಈಗ ಸೀರೆಯ ಲೆಕ್ಕ ನೋಡಿ. ಸೀರೆಯ ಅಗಲ ಸುಮಾರು 115 ಸೆಂ.ಮೀ. ಅಗಲಕ್ಕೆ ಎರಡು ಸಲ ಮಡಚಿದರೆ 29 ಸೆಂ.ಮೀ. ಆಯಿತು. 30 ಸೆಂ.ಮೀ. ಬೋರ್ಡಿನ ಮೇಲೆ ಅದು ಅಂಚಿಗೆ ಅಂಚು ತಾಗಿಕೊಂಡು ಕೂರುತ್ತದೆ. ಸ್ವಲ್ಪ ಸರಿದರೂ ಅಂಚು ಜಾರುತ್ತದೆ, ಮಡಿಕೆ ಸೊಟ್ಟ ಆಗುತ್ತದೆ. 38 ಸೆಂ.ಮೀ. ಇದ್ದರೆ ಎರಡೂ ಕಡೆ ಎರಡೆರಡು ಬೆರಳು ಅಗಲ ಜಾಗ ಉಳಿಯುತ್ತದೆ, ಆರಾಮ. ಪಂಚೆ ಇನ್ನೂ ಅಗಲ. ಎರಡು ಸಲ ಮಡಚಿದರೂ ಸಾಮಾನ್ಯವಾಗಿ 30 ಸೆಂ.ಮೀ. ದಾಟುತ್ತದೆ. ಸೀರೆ, ಪಂಚೆ ಉಡುವ ಮನೆಗೆ 38ಕ್ಕಿಂತ ಕಡಿಮೆ ಅಗಲದ ಬೋರ್ಡ್ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ನಿಮ್ಮ ಮನೆಯ ಸೀರೆಯನ್ನೇ ನಾಲ್ಕು ಪದರ ಮಾಡಿ ಟೇಪ್ ಹಿಡಿದು ನೋಡಿ, ನಿಮಗೇ ಗೊತ್ತಾಗುತ್ತದೆ.

ಸೀರೆ ಐದೂವರೆ ಮೀಟರ್ ಉದ್ದ ಇದೆ ಅಂತ ಉದ್ದನೆಯ ಬೋರ್ಡ್ ಹುಡುಕಬೇಡಿ. ಎಷ್ಟು ಉದ್ದದ ಬೋರ್ಡ್ ತಂದರೂ ಸೀರೆಯನ್ನು ಎಳೆಯುತ್ತಲೇ ಹೋಗಬೇಕು. ಕೆಳಗೆ ನೆಲದ ಮೇಲೆ ಒಗೆದ ಬೆಡ್‌ಶೀಟ್ ಹಾಸಿಕೊಂಡರೆ ಸಾಕು.

ಶರ್ಟು, ಪ್ಯಾಂಟು, ಕುರ್ತಾ ಮಾತ್ರ ಇರುವ ಮನೆಗೆ 30–35 ಸೆಂ.ಮೀ. ಅಗಲವೂ ನಡೆಯುತ್ತದೆ. ಅವುಗಳಿಗೆ ಬೇಕಾಗಿರುವುದು ಮುಂದಿನ ಚೂಪು ಮೂತಿ. ಶರ್ಟಿನ ಭುಜ, ರವಿಕೆಯ ತೋಳು, ಮಕ್ಕಳ ಅಂಗಿ ಅದರ ಮೇಲೆ ಏರಿ ಕೂರುತ್ತವೆ. ಈ ಸಪೂರ ಆಕಾರದ ಹಿಂದೆ ಒಬ್ಬ ಹೊಲಿಗೆಯವಳ ಕಷ್ಟ ಇದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಸಾರಾ ಬೂನ್ ಎಂಬ ಆಫ್ರಿಕನ್-ಅಮೆರಿಕನ್ ಹೆಂಗಸು ಬಟ್ಟೆ ಹೊಲಿದು ಬದುಕುತ್ತಿದ್ದರು. ಹೆಂಗಸರ ಉಡುಪಿನ ತೋಳು ಮತ್ತು ಸೊಂಟದ ಭಾಗವನ್ನು ಸುಕ್ಕಿಲ್ಲದೆ ಇಸ್ತ್ರಿ ಮಾಡಲು ಅವರು ಸಪೂರವಾದ, ಬಾಗಿದ ಹಲಗೆ ಮಾಡಿ, 1892ರ ಏಪ್ರಿಲ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ರವಿಕೆಯ ತೋಳು ಹಲಗೆಗೆ ಏರಿಸಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಹೆಜ್ಜೆ 2: ನಿಮ್ಮ ಮೊಣಕೈ ಅಳೆಯಿರಿ

ಇದು ಎಲ್ಲಕ್ಕಿಂತ ಮುಖ್ಯ. ಆದರೂ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಬರಿಗಾಲಲ್ಲಿ ಗೋಡೆ ಪಕ್ಕ ನೇರ ನಿಲ್ಲಿ. ಭುಜ ಸಡಿಲ ಬಿಡಿ. ಮೊಣಕೈ ಮಡಚಿ, ಕೈ ಮುಂದಕ್ಕೆ ಚಾಚಿ. ಮನೆಯವರಲ್ಲಿ ಒಬ್ಬರು ನೆಲದಿಂದ ನಿಮ್ಮ ಮೊಣಕೈವರೆಗೆ ಟೇಪ್ ಹಿಡಿಯಲಿ. ಆ ಅಳತೆಯಲ್ಲಿ 10ರಿಂದ 13 ಸೆಂ.ಮೀ. ಕಳೆಯಿರಿ. ಅದು ನಿಮ್ಮ ಬೋರ್ಡಿನ ಎತ್ತರ. ಯಾಕೆ ಕಳೆಯಬೇಕು? ಇಸ್ತ್ರಿ ಪೆಟ್ಟಿಗೆಗೂ ಒಂದು ಎತ್ತರ ಇದೆ, ಹಿಡಿ ಹಲಗೆಗಿಂತ ಮೇಲೆ ಬರುತ್ತದೆ. ಹಲಗೆ ಮೊಣಕೈ ಮಟ್ಟಕ್ಕೇ ಇದ್ದರೆ ಭುಜ ಎತ್ತಿಕೊಂಡೇ ಉಜ್ಜಬೇಕಾಗುತ್ತದೆ. ಬೆನ್ನು ನೋವಿನ ಬದಲು ಕುತ್ತಿಗೆ ನೋವು ಬರುತ್ತದೆ.

ನಾನು ಐದು ಅಡಿ ಎರಡು ಇಂಚು. ನನ್ನ ಮೊಣಕೈ ನೆಲದಿಂದ 98 ಸೆಂ.ಮೀ. ನನಗೆ 86 ಸೆಂ.ಮೀ. ಎತ್ತರದ ಬೋರ್ಡ್ ಸರಿಹೋಗುತ್ತದೆ. ಮನೆಯವರು ಐದು ಅಡಿ ಒಂಬತ್ತು ಇಂಚು, ಅವರಿಗೆ 97 ಬೇಕು. ಹನ್ನೊಂದು ಸೆಂ.ಮೀ. ವ್ಯತ್ಯಾಸ! ಅಗ್ಗದ ಬೋರ್ಡುಗಳಲ್ಲಿ ಹಲವು 85ರ ಹತ್ತಿರವೇ ನಿಂತುಬಿಡುತ್ತವೆ. ಮನೆಯಲ್ಲಿ ಎತ್ತರದವರು ಇಸ್ತ್ರಿ ಮಾಡುವುದಾದರೆ ಗರಿಷ್ಠ ಎತ್ತರ ಎಷ್ಟು ಅಂತ ಕೇಳಿಯೇ ಕೊಳ್ಳಿ.

ಕೂತು ಇಸ್ತ್ರಿ ಮಾಡುವವರೂ ಇದ್ದಾರೆ. ಮಂಡಿನೋವಿನವರು, ಬಸುರಿಯರು, ವಯಸ್ಸಾದವರು. ಅವರು ನೋಡಬೇಕಾದ್ದು ಕನಿಷ್ಠ ಎತ್ತರ. ಕುರ್ಚಿ ಮೇಲೆ ಕೂತು ಅದೇ ರೀತಿ ಮೊಣಕೈ ಅಳೆದುಕೊಳ್ಳಿ. ಬೋರ್ಡ್ ಅಷ್ಟು ಕೆಳಗೆ ಇಳಿಯುತ್ತದಾ, ಇಳಿದಾಗ ಕಾಲು ಚಾಚಲು ಕೆಳಗೆ ಜಾಗ ಉಳಿಯುತ್ತದಾ ಅಂತ ನೋಡಿ. ಕೆಲವು ಬೋರ್ಡುಗಳಲ್ಲಿ ಕೆಳಗಿನ ಅಡ್ಡ ಸರಳು ಸರಿಯಾಗಿ ಮೊಣಕಾಲಿಗೆ ತಾಗುತ್ತದೆ.

ಅಳತೆ ನಂಬದಿದ್ದರೆ ಬೀದಿ ಬದಿಯ ಇಸ್ತ್ರಿ ಗಾಡಿಯವರನ್ನು ನೋಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಭಾರದ ಇದ್ದಿಲು ಪೆಟ್ಟಿಗೆ ಎಳೆಯುವವರು ಅವರು. ಅವರ ಗಾಡಿಯ ಹಲಗೆ ಸೊಂಟದ ಮಟ್ಟಕ್ಕಿರುತ್ತದೆ. ಬೆನ್ನು ನೆಟ್ಟಗಿರುತ್ತದೆ. ಪೆಟ್ಟಿಗೆಯ ಭಾರವೇ ಬಟ್ಟೆಯನ್ನು ಒತ್ತುತ್ತದೆ, ಕೈ ಅದನ್ನು ಸುಮ್ನೆ ಸಾಗಿಸುತ್ತದೆ ಅಷ್ಟೇ.

ಹೆಜ್ಜೆ 3: ಜಾಗ ಮತ್ತು ಸ್ವಿಚ್ಚು

ಎರಡು ಜಾಗ ಬೇಕು. ಬಿಚ್ಚಿ ನಿಲ್ಲಿಸಲು ಒಂದು, ಮಡಚಿ ಇಡಲು ಒಂದು.

ಮಡಚಿದಾಗ ಎಷ್ಟು ಉದ್ದ ಆಗುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಹಲಗೆ 120 ಸೆಂ.ಮೀ. ಅಂತ ಬರೆದಿದ್ದರೆ, ಪೆಟ್ಟಿಗೆ ಇಡುವ ತಟ್ಟೆ ಸೇರಿ ಒಟ್ಟು ಉದ್ದ 150ರವರೆಗೂ ಹೋಗಬಹುದು. ಬೀರು ಪಕ್ಕದ ಸಂದಿಯಲ್ಲೋ, ಬಾಗಿಲ ಹಿಂದೆಯೋ, ಮಂಚದ ಕೆಳಗೋ ಇಡುವುದಾದರೆ ಆ ಒಟ್ಟು ಉದ್ದ ಮತ್ತು ಮಡಚಿದ ದಪ್ಪ ಎರಡನ್ನೂ ನೋಡಿ. ತೆಗೆಯಲು ಕಷ್ಟವಾದ ಜಾಗದಲ್ಲಿ ಇಟ್ಟರೆ ನೀವು ಮತ್ತೆ ಮಂಚಕ್ಕೇ ಹೋಗುತ್ತೀರಿ. ಇದು ನಾನು ಕಂಡ ಮಾತು.

ಬಿಚ್ಚುವ ಜಾಗವನ್ನು ತೀರ್ಮಾನಿಸುವುದು ಸ್ವಿಚ್ ಬೋರ್ಡ್. ಬಲಗೈಯವರು ನಿಂತಾಗ ಮೂತಿ ಎಡಕ್ಕೆ, ಪೆಟ್ಟಿಗೆ ಇಡುವ ತಟ್ಟೆ ಬಲಕ್ಕೆ ಬರುತ್ತದೆ. ಹಾಗಾಗಿ ಪ್ಲಗ್ ಕೂಡ ಬಲಗಡೆ ಇದ್ದರೆ ವೈರು ಬಟ್ಟೆ ಮೇಲೆ ಉರುಳುವುದಿಲ್ಲ. ಎಡಗೈಯವರಿಗೆ ಎಲ್ಲವೂ ತಿರುವುಮುರುವು. ಪೆಟ್ಟಿಗೆಯ ವೈರು ಎಷ್ಟು ಉದ್ದ ಇದೆ ಅಂತ ಅಳೆದುಕೊಳ್ಳಿ. ಅದು ಬಿಗಿಯಾಗದೆ, ಓಡಾಡುವವರ ಕಾಲಿಗೆ ಸಿಗದೆ ಇರಬೇಕು. ಮಕ್ಕಳಿರುವ ಮನೆಯಲ್ಲಿ ಇದನ್ನು ಎರಡು ಸಲ ಯೋಚಿಸಿ.

ವಿದ್ಯುತ್ತಿನ ಲೆಕ್ಕವೂ ಇಲ್ಲೇ. 1000 ವ್ಯಾಟ್‌ನ ಸಾದಾ ಪೆಟ್ಟಿಗೆ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಅದನ್ನು ತಡೆದುಕೊಳ್ಳುತ್ತದೆ. 2000 ವ್ಯಾಟ್‌ನ ಸ್ಟೀಮ್ ಪೆಟ್ಟಿಗೆಯಾದರೆ ಸುಮಾರು 8.7 ಆಂಪಿಯರ್. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪವರ್ ಪಾಯಿಂಟೇ ಬೇಕು. ಕೆಲವು ಬೋರ್ಡುಗಳಲ್ಲಿ ಸಾಕೆಟ್ ಕೂಡ ಜೋಡಿಸಿರುತ್ತಾರೆ. ಅದರ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ. ಏನೂ ಬರೆದಿಲ್ಲ ಅಂದರೆ ಅದನ್ನು ಬಳಸಬೇಡಿ, ಗೋಡೆಯ ಪ್ಲಗ್‌ಗೇ ಹಾಕಿ.

ಹೆಜ್ಜೆ 4: ಯಾವ ಬಗೆ

ವಾರಕ್ಕೆ ಹತ್ತು ಬಟ್ಟೆಗಿಂತ ಜಾಸ್ತಿ ಇಸ್ತ್ರಿ ಮಾಡುವವರಿಗೆ ನೆಲದ ಮೇಲೆ ನಿಲ್ಲುವ ಬೋರ್ಡೇ ಸರಿ. ಒಂದು ರೂಮಿನ ಮನೆ, ಪಿಜಿ, ಹಾಸ್ಟೆಲ್ ಅಂದರೆ ಮೇಜಿನ ಮೇಲೆ ಇಡುವ ಗಿಡ್ಡ ಕಾಲಿನ ಬೋರ್ಡ್ ನೋಡಿ. ಊಟದ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರ ಇರುತ್ತದೆ. ಅದರ ಮೇಲೆ 10–12 ಸೆಂ.ಮೀ. ಕಾಲಿನ ಬೋರ್ಡ್ ಇಟ್ಟರೆ ನನ್ನಂಥವರಿಗೆ ಸರಿಯಾದ ಎತ್ತರಕ್ಕೇ ಬರುತ್ತದೆ. ಅದನ್ನೇ ಮಂಚದ ಮೇಲೆ ಇಟ್ಟರೆ ಮತ್ತೆ ಅದೇ ಬೆನ್ನುನೋವು.

ಗೋಡೆಗೆ ಜೋಡಿಸುವ, ಬೀರುವಿನೊಳಗಿಂದ ಎಳೆಯುವ ಬೋರ್ಡುಗಳೂ ಇವೆ. ಸ್ವಂತ ಮನೆಯಾದರೆ, ಮರಗೆಲಸ ನಡೆಯುತ್ತಿರುವಾಗಲೇ ಮಾಡಿಸಿದರೆ ಚೆನ್ನ. ಎತ್ತರ ಆಮೇಲೆ ಬದಲಾಯಿಸಲು ಆಗದ ಮಾದರಿಗಳೇ ಜಾಸ್ತಿ. ಬಡಗಿಗೆ ನಿಮ್ಮ ಮೊಣಕೈ ಅಳತೆ ಮೊದಲೇ ಕೊಡಿ.

ಹೆಜ್ಜೆ 5: ಅಂಗಡಿಯಲ್ಲಿ ಕೈಯಿಂದಲೇ ಪರೀಕ್ಷೆ ಮಾಡಿ

ಅಂಗಡಿಯವರು ಬಿಚ್ಚಿ ತೋರಿಸುತ್ತಾರೆ. ಅದು ಸಾಲದು. ನೀವೇ ಮಡಚಿ, ನೀವೇ ಬಿಚ್ಚಿ. ಅಡಿಯಲ್ಲಿರುವ ಹಿಡಿ ಒತ್ತಿದಾಗ ಕಾಲು ಸರಾಗವಾಗಿ ಜಾರಬೇಕು, ಬೇಕಾದ ಎತ್ತರಕ್ಕೆ ಟಕ್ ಅಂತ ಕೂರಬೇಕು. ಎರಡು ಕೈಯಲ್ಲಿ ಒದ್ದಾಡಿ ಎಳೆಯಬೇಕಾದರೆ ಅದು ಹೊಸದರಲ್ಲೇ ಹೀಗೆ, ತುಕ್ಕು ಹಿಡಿದ ಮೇಲೆ ಹೇಗೋ. ಹಿಡಿಯ ಹತ್ತಿರ ಬೆರಳು ಸಿಕ್ಕಿಕೊಳ್ಳುವ ಸಂದಿ ಇದೆಯಾ ನೋಡಿ. ಮಡಚಿದ ಮೇಲೆ ಒಂದು ಕೈಯಲ್ಲಿ ಎತ್ತಿ. ಕಾಲುಗಳು ತಾವಾಗೇ ಬಿಚ್ಚಿಕೊಂಡರೆ ಬೇಡ. ಮಡಚಿದಾಗ ಕಾಲನ್ನು ಹಿಡಿದಿಡುವ ಕೊಕ್ಕೆ ಇರಲೇಬೇಕು.

ಈಗ ಅದನ್ನು ನಿಮ್ಮ ಎತ್ತರಕ್ಕೆ ನಿಲ್ಲಿಸಿ. ಮೂತಿಯ ತುದಿಯ ಮೇಲೆ ಅಂಗೈ ಊರಿ ಒತ್ತಿ. ಹಿಂದಿನ ಕಾಲು ನೆಲ ಬಿಟ್ಟು ಏಳುತ್ತದಾ? ಆಮೇಲೆ ಅಗಲದ ತುದಿಯಲ್ಲೂ ಹಾಗೇ ಒತ್ತಿ. ಕೊನೆಗೆ ಪಕ್ಕದಿಂದ ಸೊಂಟ ತಾಗಿಸಿ ಮೆಲ್ಲಗೆ ನೂಕಿ. ಮನೆಯಲ್ಲಿ ಓಡಾಡುವಾಗ ಆಗುವುದು ಅದೇ ತಾನೇ? ಸ್ವಲ್ಪ ಬಳುಕಿದರೆ ಪರವಾಗಿಲ್ಲ, ಓಲಾಡಿದರೆ ಬಿಟ್ಟುಬಿಡಿ. ಬಿಸಿ ಪೆಟ್ಟಿಗೆ ಮೇಲಿಂದ ಬೀಳುವ ಅಪಾಯದ ಮುಂದೆ ಉಳಿದ ಯಾವ ಅನುಕೂಲವೂ ದೊಡ್ಡದಲ್ಲ. ಅಗಲದ ಬಗ್ಗೆ, ಕವರಿನ ಬಗ್ಗೆ ರಾಜಿ ಮಾಡಿಕೊಳ್ಳಬಹುದು, ಇದರ ಬಗ್ಗೆ ಬೇಡ.

ಬೋರ್ಡನ್ನು ತಲೆಕೆಳಗು ಮಾಡಿ ಅಡಿಭಾಗ ನೋಡಿ. ಕಾಲಿನ ಪೈಪು ದಪ್ಪ ಇದೆಯಾ, ಬೆಸುಗೆ ಹಾಕಿದ ಕಡೆ ಬಣ್ಣ ಕಿತ್ತಿಲ್ಲ ತಾನೇ? ನಾಲ್ಕೂ ಪಾದಕ್ಕೆ ರಬ್ಬರ್ ಬುಷ್ ಇದೆಯಾ? ಟೈಲ್ಸ್ ನೆಲದ ಮೇಲೆ ರಬ್ಬರ್ ಇಲ್ಲದ ಕಾಲು ಜಾರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮಲೆನಾಡಿನವರು ಪೈಪಿನ ತುದಿಗಳನ್ನು ವಿಶೇಷವಾಗಿ ನೋಡಿ. ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರುವಾಗುವುದು.

ಹಲಗೆ ಯಾವುದರದು ಅನ್ನುವುದು ನಿಮ್ಮ ಪೆಟ್ಟಿಗೆಯ ಮೇಲೆ ನಿಂತಿದೆ. ಸ್ಟೀಮ್ ಪೆಟ್ಟಿಗೆ ಬಳಸುವವರು ಜಾಲರಿಯ ಹಲಗೆಯನ್ನೇ ತಗೊಳ್ಳಿ. ಹಬೆ ಬಟ್ಟೆಯೊಳಗಿಂದ ಕೆಳಗೆ ಇಳಿದು ಹೋಗುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯಾದರೆ ಹಬೆಗೆ ಹೋಗಲು ದಾರಿಯಿಲ್ಲ. ಪ್ಯಾಡ್ ಒದ್ದೆಯಾಗುತ್ತದೆ, ಇಸ್ತ್ರಿ ಮಾಡಿದ ಬಟ್ಟೆ ಮತ್ತೆ ಮೆತ್ತಗಾಗುತ್ತದೆ, ಕಾಲ ಕಳೆದಂತೆ ಹಲಗೆ ಉಬ್ಬುತ್ತದೆ. ಸಾದಾ ಪೆಟ್ಟಿಗೆ ಇದ್ದು, ನೀರು ಚಿಮುಕಿಸುವುದು ಅಪರೂಪವಾದರೆ ಗಟ್ಟಿ ಮರದ ಹಲಗೆಯೂ ಒಳ್ಳೆಯದೇ.

ಪೆಟ್ಟಿಗೆ ಇಡುವ ತಟ್ಟೆ ಲೋಹದ್ದಿರಲಿ, ಅಂಚು ಎದ್ದಿರಲಿ. ನಿಮ್ಮ ಪೆಟ್ಟಿಗೆ ಅದರಲ್ಲಿ ಪೂರ್ತಿ ಕೂರಬೇಕು. ನೀರಿನ ಟ್ಯಾಂಕು ಬೇರೆಯಾಗಿ ಬರುವ ದೊಡ್ಡ ಸ್ಟೀಮ್ ಯಂತ್ರ ಇದ್ದವರು ಅದರ ತಳದ ಅಳತೆ ಬರೆದುಕೊಂಡು ಹೋಗಿ.

ಹೆಜ್ಜೆ 6: ಪ್ಯಾಡ್, ಕವರ್

ನನ್ನ ಮನೆಯವರ ಕಪ್ಪು ಪ್ಯಾಂಟು ಕಲಿಸಿದ ಪಾಠ ಇದು. ಬೋರ್ಡಿನ ಮೇಲೆ ಹೆಬ್ಬೆರಳು ಇಟ್ಟು ಬಲವಾಗಿ ಒತ್ತಿ. ಕವರಿನ ಕೆಳಗೆ ಜಾಲರಿಯ ಗೆರೆ ಬೆರಳಿಗೆ ಸಿಕ್ಕಿತಾ? ಹಾಗಾದರೆ ನಿಮ್ಮ ಬಟ್ಟೆಗೂ ಸಿಗುತ್ತದೆ.

ಹಲವು ಬೋರ್ಡುಗಳಲ್ಲಿ ಕವರಿನ ಕೆಳಗೆ ತೆಳು ಸ್ಪಂಜು ಇರುತ್ತದೆ. ಹೊಸದರಲ್ಲಿ ಮೆತ್ತಗಿರುತ್ತದೆ. ಬಿಸಿ ತಾಗಿ ತಾಗಿ ಚಪ್ಪಟೆಯಾಗುತ್ತದೆ, ಆಮೇಲೆ ಪುಡಿಯಾಗಿ ಜಾಲರಿಯ ತೂತಿನಿಂದ ಕೆಳಗೆ ಉದುರುತ್ತದೆ. ದಪ್ಪ ಹತ್ತಿ ಪದರವೋ, ಒತ್ತು ಉಣ್ಣೆಯ ಪದರವೋ ಇದ್ದರೆ ಬಹಳ ವರ್ಷ ಬಾಳುತ್ತದೆ. ಹಾಗಿದ್ದದ್ದು ಸಿಗದಿದ್ದರೆ ಚಿಂತೆ ಬೇಡ. ಕವರ್ ಬಿಚ್ಚಿ, ಒಂದು ಹಳೇ ಕುರಿ ಉಣ್ಣೆಯ ಕಂಬಳಿಯನ್ನು ಹಲಗೆಯ ಆಕಾರಕ್ಕೆ ಕತ್ತರಿಸಿ ಕೆಳಗೆ ಹಾಕಿ. ಉಣ್ಣೆ ಬಿಸಿಗೆ ಕರಗುವುದಿಲ್ಲ. ನೈಲಾನ್, ಅಕ್ರಿಲಿಕ್ ನೂಲಿನ ಕಂಬಳಿ ಮಾತ್ರ ಬೇಡವೇ ಬೇಡ.

ಕವರ್ ಶುದ್ಧ ಹತ್ತಿಯದ್ದಾಗಿರಲಿ. ಬೆಳ್ಳಿ ಬಣ್ಣದ ಹೊಳಪಿನ ಕವರುಗಳು ಬಿಸಿಯನ್ನು ಮೇಲಕ್ಕೇ ತಿರುಗಿಸುತ್ತವೆ. ಹತ್ತಿ ಶರ್ಟಿಗೆ ಅದು ಲಾಭವೇ, ಕೆಲಸ ಬೇಗ ಆಗುತ್ತದೆ. ಆದರೆ ಮೈಸೂರು ಸಿಲ್ಕ್‌ನಂಥ ಸೀರೆಗೆ ಎರಡೂ ಕಡೆಯಿಂದ ಬಿಸಿ ತಾಗುತ್ತದೆ. ಅಂಥ ಕವರ್ ಇದ್ದರೆ ರೇಷ್ಮೆಗೆ ಮೇಲೊಂದು ಹತ್ತಿ ಬಟ್ಟೆ ಹಾಸಿ, ಸೀರೆಯನ್ನು ಒಳಮಗ್ಗುಲಿಗೆ ತಿರುಗಿಸಿ ಮಾಡಿ. ಬಟ್ಟೆಯ ಪಟ್ಟಿಯಲ್ಲಿ ಇಸ್ತ್ರಿ ಚಿತ್ರದೊಳಗೆ ಚುಕ್ಕೆ ಇರುತ್ತದಲ್ಲ, ಒಂದು ಚುಕ್ಕೆ ಅಂದರೆ 110 ಡಿಗ್ರಿ ಸೆಲ್ಸಿಯಸ್‌ವರೆಗೆ, ಎರಡು ಅಂದರೆ 150, ಮೂರು ಅಂದರೆ 200. ಚುಕ್ಕೆ ಕಡಿಮೆ ಇದ್ದಷ್ಟೂ ಕವರಿನ ಬಗ್ಗೆ ಹುಷಾರು.

ಇನ್ನೊಂದು ಮಾತು ಕೇಳಿಯೇ ಕೊಳ್ಳಿ: ಇದೇ ಅಳತೆಯ ಬದಲಿ ಕವರ್ ಸಿಗುತ್ತದಾ? ವಿಚಿತ್ರ ಅಳತೆಯ ಬೋರ್ಡಿಗೆ ಕವರ್ ಸಿಗುವುದಿಲ್ಲ. ನಾನಂತೂ ಮನೆಯಲ್ಲೇ ಹೊಲಿಯುತ್ತೇನೆ. ಹಳೇ ದಪ್ಪ ಪಂಚೆಯನ್ನು ನೆಲಕ್ಕೆ ಹಾಸಿ, ಬೋರ್ಡನ್ನು ಅದರ ಮೇಲೆ ಬೋರಲು ಮಲಗಿಸುತ್ತೇನೆ. ದರ್ಜಿ ಚಾಕಿನಿಂದ ಸುತ್ತಲೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಬಿಟ್ಟು ಗೆರೆ ಎಳೆದು ಕತ್ತರಿಸುತ್ತೇನೆ. ಅಂಚು ಮಡಚಿ ಲಾಡಿ ಹೋಗುವಷ್ಟು ಜಾಗ ಬಿಟ್ಟು ಹೊಲಿದು, ಪಿನ್ನಿಗೆ ಲಾಡಿ ಸಿಕ್ಕಿಸಿ ಸುತ್ತ ಹಾಯಿಸಿ, ಬೋರ್ಡಿಗೆ ತೊಡಿಸಿ ಅಡಿಯಲ್ಲಿ ಬಿಗಿಯಾಗಿ ಕಟ್ಟಿದರೆ ಮುಗಿಯಿತು. ಹೊಸ ಬಟ್ಟೆಯಾದರೆ ಮೊದಲು ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಮೂತಿಗೆ ಏರುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸುವವರಿಗೆ

ಕೈಯಿಂದ ಒತ್ತಿ ನೋಡಲು ಆಗುವುದಿಲ್ಲ, ಹಾಗಾಗಿ ಐದು ಅಂಕಿ ಹುಡುಕಿ: ಹಲಗೆಯ ಅಗಲ, ಗರಿಷ್ಠ ಎತ್ತರ, ಕನಿಷ್ಠ ಎತ್ತರ, ಮಡಚಿದ ಉದ್ದ, ತೂಕ. ಇದರಲ್ಲಿ ಎತ್ತರವನ್ನೇ ಬರೆಯದಿದ್ದರೆ ಮುಂದಿನದಕ್ಕೆ ಹೋಗಿ. ಕೊಂಡವರು ಹಾಕಿದ ಫೋಟೋದಲ್ಲಿ ಕಾಲುಗಳನ್ನು ನೋಡಿ, ಕವರನ್ನಲ್ಲ. ತೀರಾ ಹಗುರವಾದ ಬೋರ್ಡ್ ಎತ್ತಲು ಸುಖ, ಆದರೆ ಅಲುಗಾಡುವುದೂ ಅದೇ. ಬಂದ ದಿನವೇ ಬಿಚ್ಚಿ, ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿ. ವಾಪಸ್ ಕೊಡುವ ಗಡುವು ಮುಗಿದ ಮೇಲೆ ಓಲಾಟ ಗೊತ್ತಾದರೆ ಪ್ರಯೋಜನವಿಲ್ಲ.

ಮನೆಗೆ ತಂದ ಮೇಲೆ

ಸ್ಟೀಮ್ ಬಳಸಿದ ಕೂಡಲೇ ಮಡಚಿಡಬೇಡಿ. ಹದಿನೈದು ನಿಮಿಷ ಹಾಗೇ ಬಿಡಿ, ಪ್ಯಾಡ್ ಆರಲಿ. ಮಳೆಗಾಲದಲ್ಲಿ ಇದನ್ನು ತಪ್ಪಿಸಿದರೆ ಕವರಿಗೆ ಬೂಷ್ಟು ಬರುತ್ತದೆ, ಆ ವಾಸನೆ ಬಟ್ಟೆಗೂ ಹತ್ತುತ್ತದೆ. ಗಂಜಿ ಹಾಕಿದ ಸೀರೆ ಮಾಡುವವರು ಕವರನ್ನು ತಿಂಗಳಿಗೊಮ್ಮೆ ಒಗೆಯಿರಿ. ಗಂಜಿ ಕೂತ ಕವರ್ ಕಂದು ಬಣ್ಣಕ್ಕೆ ತಿರುಗುತ್ತದೆ, ಬಿಳಿ ಬಟ್ಟೆಗೆ ಕಲೆ ಮಾಡುತ್ತದೆ.

ಇಬ್ಬರು ಬಳಸುವ ಬೋರ್ಡಾದರೆ, ಅಡಿಯಲ್ಲಿ ಕಾಲು ಕೂರುವ ಹಲ್ಲುಗಳ ಹತ್ತಿರ ಗುರುತು ಮಾಡಿಟ್ಟುಕೊಳ್ಳಿ. ಪ್ರತಿ ಸಲ ಹುಡುಕುವುದು ತಪ್ಪುತ್ತದೆ. ನಮ್ಮ ಬೋರ್ಡಿನಲ್ಲಿ ಎರಡು ದಾರ ಕಟ್ಟಿದ್ದೇವೆ. ಕೆಂಪು ದಾರ ನನ್ನ 86ಕ್ಕೆ. ಅದರಿಂದ ಮೂರು ಹಲ್ಲು ಮೇಲೆ ನೀಲಿ ದಾರ, ಮನೆಯವರು ತಮ್ಮ ಶರ್ಟು ತಾವೇ ಇಸ್ತ್ರಿ ಮಾಡಿಕೊಳ್ಳುವ ಎತ್ತರ.